5 ದಿನ, 600 ಡಾಲರ್, ಒಂದು ಹಾಯಿದೋಣಿ: ಬ್ಯಾಕ್‌ಪ್ಯಾಕರ್‌ಗಳ ನೆಚ್ಚಿನ ಸ್ಯಾನ್ ಬ್ಲಾಸ್ ಕಡಲು ಯಾರದು?

ಬೆನ್ನಿಗೊಂದು ಬ್ಯಾಗ್ ಏರಿಸಿಕೊಂಡು ಲ್ಯಾಟಿನ್ ಅಮೆರಿಕ ಸುತ್ತಲು ಹೊರಟವರ ಪಟ್ಟಿಯಲ್ಲಿ ಒಂದು ಪ್ರವಾಸ ತಪ್ಪದೇ ಇರುತ್ತದೆ. ಕೊಲಂಬಿಯಾದ ಕಾರ್ಟಜೀನಾದಲ್ಲಿ ಹಾಯಿದೋಣಿ ಹತ್ತುವುದು, ಕೆರಿಬಿಯನ್ ಸಮುದ್ರ ದಾಟುವುದು, ಸ್ಯಾನ್ ಬ್ಲಾಸ್ ದ್ವೀಪಗಳ ನಡುವೆ ಮೂರು ದಿನ ಅಲೆದು ಪನಾಮಾದಲ್ಲಿ ಇಳಿಯುವುದು. ಉಲ್ಟಾ ದಿಕ್ಕಿನಲ್ಲೂ ಹೋಗುವವರಿದ್ದಾರೆ. ಒಟ್ಟು ನಾಲ್ಕೈದು ದಿನ. ಊಟ, ಮಲಗಲು ಒಂದು ಬಂಕ್, ಕ್ಯಾಪ್ಟನ್ ಸೇರಿ ತಲೆಗೆ ಸುಮಾರು 500ರಿಂದ 600 ಡಾಲರ್. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರ್ಧ ಲಕ್ಷ ರೂಪಾಯಿ.

ಇನ್‌ಸ್ಟಾಗ್ರಾಂನಲ್ಲಿ ಈ ಪ್ರವಾಸದ ಫೋಟೊಗಳಿಗೆ ಲೆಕ್ಕವಿಲ್ಲ. ಬಿಳಿ ಮರಳು, ನಾಲ್ಕು ತೆಂಗಿನ ಮರ, ಹಸಿರು ಮಿಶ್ರಿತ ನೀಲಿ ನೀರು, ದೋಣಿಯ ಮೂತಿಯಿಂದ ಹಾರುತ್ತಿರುವ ಗೆಳೆಯರು. ಅದೇ ನೀರಿನಲ್ಲಿ 2025ರಲ್ಲಿ ಇನ್ನೊಂದು ಬಗೆಯ ದೋಣಿಗಳೂ ಓಡಾಡಿದವು. ಅದೇ ದ್ವೀಪಗಳಲ್ಲಿ ಒಂದರಿಂದ 2024ರ ಜೂನ್‌ನಲ್ಲಿ ಸುಮಾರು 300 ಕುಟುಂಬಗಳು ಗಂಟುಮೂಟೆ ಕಟ್ಟಿದವು. ಫೋಟೊದಲ್ಲಿ ಇವೆರಡೂ ಕಾಣುವುದಿಲ್ಲ.

ರಸ್ತೆ ಇಲ್ಲ, ಅದಕ್ಕೇ ದೋಣಿ

ಈ ಪ್ರವಾಸ ಹುಟ್ಟಿದ್ದೇ ಒಂದು ಕೊರತೆಯಿಂದ. ಅಲಾಸ್ಕಾದಿಂದ ಅರ್ಜೆಂಟೀನಾದ ತುದಿಯವರೆಗೆ ಪ್ಯಾನ್ ಅಮೆರಿಕನ್ ಹೆದ್ದಾರಿ ಇದೆ ಎನ್ನುತ್ತಾರೆ. ಆದರೆ ಪನಾಮಾ ಮತ್ತು ಕೊಲಂಬಿಯಾ ನಡುವೆ ಸುಮಾರು 100 ಕಿ.ಮೀ. ಉದ್ದಕ್ಕೆ ರಸ್ತೆಯೇ ಇಲ್ಲ. ಅಲ್ಲಿರುವುದು ಕಾಡು, ಜೌಗು, ನದಿಗಳು. ಹೆಸರು ಡೇರಿಯನ್ ಗ್ಯಾಪ್. ಬಸ್ಸಿನಲ್ಲೇ ಖಂಡ ದಾಟುವ ಆಸೆಯಿಂದ ಮೆಕ್ಸಿಕೊ ಕಡೆಯಿಂದ ಇಳಿದು ಬಂದ ಬ್ಯಾಕ್‌ಪ್ಯಾಕರ್ ಪನಾಮಾದಲ್ಲಿ ನಿಲ್ಲಲೇಬೇಕು. ಮುಂದಿರುವುದು ಎರಡೇ ದಾರಿ: ವಿಮಾನ ಅಥವಾ ಸಮುದ್ರ.

ವಿಮಾನ ಒಂದೂಕಾಲು ಗಂಟೆಯ ಮಾತು, ಟಿಕೆಟ್ ಹಲವು ಸಲ ದೋಣಿಗಿಂತ ಅಗ್ಗ. ಆದರೂ ಜನ ದೋಣಿ ಹತ್ತುತ್ತಾರೆ. ಹತ್ತರಿಂದ ಇಪ್ಪತ್ತು ಮಂದಿ ಹಿಡಿಸುವ ಹಾಯಿದೋಣಿ ಅಥವಾ ಕ್ಯಾಟಮರಾನ್. ಗೆಳೆಯರ ಗುಂಪೊಂದು ಸೇರಿದರೆ ದೋಣಿ ತುಂಬಿದಂತೆಯೇ. ಹಾಸ್ಟೆಲ್‌ನ ನೋಟಿಸ್ ಬೋರ್ಡಿನಲ್ಲಿ ಹೆಸರು ಬರೆಸಿ, ಮುಂಗಡ ಕಟ್ಟಿ, ಕ್ಯಾಪ್ಟನ್ ಕೈಗೆ ಪಾಸ್‌ಪೋರ್ಟ್ ಕೊಟ್ಟರೆ ಮುಗಿಯಿತು. ಎಲ್ ಪೊರ್ವೆನೀರ್ ಎಂಬ ಪುಟ್ಟ ದ್ವೀಪದ ವಲಸೆ ಕಚೇರಿಯಲ್ಲಿ ಕ್ಯಾಪ್ಟನ್ನೇ ಮುದ್ರೆ ಹಾಕಿಸಿಕೊಂಡು ಬರುವುದೂ ಉಂಟು. ದೇಶ ಬದಲಾಗಿದ್ದು ಪ್ರಯಾಣಿಕರಿಗೆ ಗೊತ್ತಾಗುವುದೇ ಇಲ್ಲ.

ಫೋಟೊಗಳು ಹೇಳದ ಭಾಗ ತೆರೆದ ಸಮುದ್ರದ್ದು. ಕಾರ್ಟಜೀನಾದಿಂದ ದ್ವೀಪಗಳವರೆಗೆ ಸುಮಾರು 30ರಿಂದ 40 ಗಂಟೆ ನೆಲ ಕಾಣುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದ ಗಾಳಿ ಜೋರು. ಕೊಲಂಬಿಯಾದಿಂದ ಹೊರಟವರಿಗೆ ಗಾಳಿ ಬೆನ್ನ ಹಿಂದಿನಿಂದ ಬೀಸುತ್ತದೆ, ಪನಾಮಾದಿಂದ ಹೊರಟವರು ಅದಕ್ಕೆ ಎದೆಯೊಡ್ಡಬೇಕು. ಆಗ ದೋಣಿಯ ಹೊರಳಾಟಕ್ಕೆ ಅರ್ಧಕ್ಕರ್ಧ ಜನ ವಾಂತಿ ಮಾಡುತ್ತ ಮಲಗಿರುತ್ತಾರೆ. ದೋಣಿಗಳ ಗುಣಮಟ್ಟವೂ ಒಂದೇ ತೆರನಲ್ಲ. ಲೈಫ್ ಜಾಕೆಟ್ ಎಷ್ಟಿವೆ, ರೇಡಿಯೊ ಕೆಲಸ ಮಾಡುತ್ತದೆಯೇ, ಕ್ಯಾಪ್ಟನ್ ರಾತ್ರಿ ಪಾಳಿಯಲ್ಲಿ ಎಚ್ಚರವಿರುತ್ತಾನೆಯೇ ಎಂದು ಹಣ ಕೊಡುವ ಮೊದಲೇ ಕೇಳುವುದು ಒಳ್ಳೆಯದು. ಕೇಳುವವರು ಕಡಿಮೆ.

ಎರಡನೇ ರಾತ್ರಿ ಕಳೆದು ಬೆಳಕು ಹರಿಯುವಾಗ ನೀರು ಒಮ್ಮೆಲೇ ಶಾಂತವಾಗುತ್ತದೆ. ಹವಳದ ದಿಬ್ಬಗಳ ಒಳಗೆ ದೋಣಿ ಬಂದಿರುತ್ತದೆ. ಲಂಗರು ಇಳಿಸುವಷ್ಟರಲ್ಲಿ ಮರದ ಕಾಂಡ ಕೊರೆದು ಮಾಡಿದ ಸಣ್ಣ ದೋಣಿಯೊಂದು ಪಕ್ಕಕ್ಕೆ ಬರುತ್ತದೆ. ಅಲ್ಲಿನವರು ಇದನ್ನು ಉಲು ಎನ್ನುತ್ತಾರೆ. ನಮ್ಮ ಕರಾವಳಿಯವರು ನೋಡಿದರೆ ಪಾತಿ ದೋಣಿ ಎಂದು ತಕ್ಷಣ ಗುರುತು ಹಿಡಿಯುತ್ತಾರೆ. ಅದರಲ್ಲಿ ಲಾಬ್‌ಸ್ಟರ್, ಮೀನು, ಕೆಲವೊಮ್ಮೆ 'ಮೋಲಾ' ಬಟ್ಟೆ. ಬಣ್ಣಬಣ್ಣದ ಬಟ್ಟೆಯ ಪದರಗಳನ್ನು ಒಂದರ ಮೇಲೊಂದು ಇಟ್ಟು, ಕತ್ತರಿಸಿ, ಮಡಚಿ ಹೊಲಿಯುವ ಕಲೆ ಅದು. ದೋಣಿ ನಡೆಸುವವರು ಗುನಾ ಜನ. ಅವರ ನಾಡಿನ ಹೆಸರು ಗುನಾ ಯಾಲಾ.

ಪ್ರತಿ ತೆಂಗಿನ ಮರಕ್ಕೂ ಒಡೆಯರುಂಟು

ಸ್ಯಾನ್ ಬ್ಲಾಸ್ ಎಂಬುದು ಸ್ಪೇನ್‌ನವರು ಕೊಟ್ಟ ಹೆಸರು. 360ಕ್ಕೂ ಹೆಚ್ಚು ದ್ವೀಪಗಳು, ಅವುಗಳಲ್ಲಿ ಜನವಸತಿ ಇರುವುದು ಸುಮಾರು 50ರಲ್ಲಿ ಮಾತ್ರ. ಜನಸಂಖ್ಯೆ 30 ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಜನವಸತಿ ಇಲ್ಲದ ದ್ವೀಪವನ್ನು ಪ್ರವಾಸಿಗಳು 'ನಿರ್ಜನ ದ್ವೀಪ' ಎಂದು ಬರೆದುಕೊಳ್ಳುತ್ತಾರೆ. ವಾಸ್ತವ ಹಾಗಿಲ್ಲ. ಅಲ್ಲಿನ ಪ್ರತಿ ತೆಂಗಿನ ಮರಕ್ಕೂ ಒಂದು ಕುಟುಂಬದ ಹಕ್ಕಿದೆ. ಹಲವು ದ್ವೀಪಗಳಲ್ಲಿ ಕುಟುಂಬಗಳು ಸರದಿಯಂತೆ ಬಂದು ಕೆಲ ತಿಂಗಳಿದ್ದು ತೋಟ ಕಾಯುತ್ತವೆ. ಬಿದ್ದ ಕಾಯಿಯನ್ನು ಎತ್ತಿಕೊಂಡರೂ ಅದು ಕಳ್ಳತನವೇ. ಕಾಯಿಗಳನ್ನು ಕೊಳ್ಳಲು ಕೊಲಂಬಿಯಾದ ವ್ಯಾಪಾರಿ ದೋಣಿಗಳು ತಲೆಮಾರುಗಳಿಂದ ಬರುತ್ತಿವೆ. ಬಹಳ ಕಾಲ ತೆಂಗಿನಕಾಯಿಯೇ ಇಲ್ಲಿ ಹಣವಾಗಿ ಚಲಾವಣೆಯಲ್ಲಿತ್ತು.

ಈ ಕಡಲು ಇನ್ನೂ ರೆಸಾರ್ಟ್‌ಗಳಿಂದ ತುಂಬಿಲ್ಲ. ಕೆರಿಬಿಯನ್‌ನ ಎಷ್ಟೋ ದ್ವೀಪಗಳಲ್ಲಿ ಸಮುದ್ರ ತೀರವೇ ಹೋಟೆಲ್‌ಗಳ ಪಾಲಾಗಿರುವಾಗ ಇಲ್ಲಿ ಮಾತ್ರ ಏಕೆ ಹೀಗೆ? ಉತ್ತರ 100 ವರ್ಷ ಹಿಂದಿದೆ.

1925ರ ಫೆಬ್ರವರಿಯಲ್ಲಿ ಗುನಾ ಜನ ಪನಾಮಾ ಸರ್ಕಾರದ ವಿರುದ್ಧ ದಂಗೆ ಎದ್ದರು. ಹೊಸದಾಗಿ ಹುಟ್ಟಿದ್ದ ದೇಶ ಇವರನ್ನು 'ನಾಗರಿಕ'ರನ್ನಾಗಿ ಮಾಡಲು ಪೊಲೀಸರನ್ನು ಕಳಿಸಿತ್ತು. ಹೆಂಗಸರು ಮೂಗಿಗೆ ಬಂಗಾರದ ಬಳೆ ಹಾಕುವಂತಿಲ್ಲ, ಮೋಲಾ ಉಡುವಂತಿಲ್ಲ, ಕೈಕಾಲಿಗೆ ಮಣಿಸರ ಸುತ್ತುವಂತಿಲ್ಲ. ಸಿಮ್ರಲ್ ಕೋಲ್ಮನ್ ಮತ್ತು ನೆಲೆ ಕಾಂಟುಲೆ ಎಂಬ ನಾಯಕರ ನೇತೃತ್ವದಲ್ಲಿ ಪೊಲೀಸ್ ಠಾಣೆಗಳ ಮೇಲೆ ದಾಳಿ ನಡೆಯಿತು. ರಕ್ತ ಹರಿಯಿತು. ಅಮೆರಿಕದ ಯುದ್ಧನೌಕೆ ಕ್ಲೀವ್‌ಲ್ಯಾಂಡ್ ಬಂದು ನಿಂತ ಮೇಲೆ ಸಂಧಾನವಾಯಿತು. 1938ರಲ್ಲಿ ಇದು ಪ್ರತ್ಯೇಕ ಮೀಸಲು ಪ್ರದೇಶವಾಯಿತು, 1953ರ ಕಾನೂನು ಒಳಾಡಳಿತದ ಹಕ್ಕು ಕೊಟ್ಟಿತು. ಅಂದಹಾಗೆ, ಆ ದಂಗೆಯ ಬಾವುಟದಲ್ಲಿದ್ದದ್ದು ಸ್ವಸ್ತಿಕ. ಹಿಟ್ಲರ್‌ಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಕಂಡು ಬೆಚ್ಚಿಬೀಳುವ ಯುರೋಪ್‌ನ ಪ್ರವಾಸಿಗಳಿಗೆ ಗುನಾ ಗೈಡ್‌ಗಳು ಇದನ್ನು ವಿವರಿಸಬೇಕಾಗುತ್ತದೆ. ಭಾರತೀಯರಿಗೆ ಆ ವಿವರಣೆ ಬೇಕಿಲ್ಲ.

ಇಲ್ಲಿನ ಅಧಿಕಾರ ಕೇಂದ್ರ ಗುನಾ ಮಹಾಸಭೆ, ಅಂದರೆ ಗುನಾ ಜನರಲ್ ಕಾಂಗ್ರೆಸ್. ಊರೂರಿನ ಸಭಾಮನೆಯಲ್ಲಿ ಮೊದಲು ಚರ್ಚೆ, ಆಮೇಲೆ ಮಹಾಸಭೆಯಲ್ಲಿ ತೀರ್ಮಾನ. ಹೊರಗಿನವರು ಇಲ್ಲಿ ಜಮೀನು ಕೊಳ್ಳುವಂತಿಲ್ಲ. ಸ್ಕೂಬಾ ಡೈವಿಂಗ್ ನಿಷಿದ್ಧ, ಸ್ನಾರ್ಕೆಲ್‌ಗೆ ಅಡ್ಡಿಯಿಲ್ಲ. ವಿದೇಶಿಯರಿಗೆ ಪ್ರವೇಶ ಶುಲ್ಕ ಸುಮಾರು 20 ಡಾಲರ್. ಜನರ ಫೋಟೊ ತೆಗೆಯುವ ಮುಂಚೆ ಕೇಳಬೇಕು, ಕೆಲವು ಕಡೆ ಹಣವನ್ನೂ ಕೊಡಬೇಕು. ಅಮೆರಿಕನ್ ಒಬ್ಬರು ನಡೆಸುತ್ತಿದ್ದ ಹೋಟೆಲ್ ಮೇಲೆ 1980ರ ದಶಕದ ಆರಂಭದಲ್ಲಿ ದಾಳಿ ನಡೆದು ಅದು ಮುಚ್ಚಿಹೋಯಿತು. ವಿಜ್ಞಾನಕ್ಕೂ ವಿನಾಯಿತಿ ಸಿಗಲಿಲ್ಲ. ಸ್ಮಿತ್‌ಸೋನಿಯನ್ ಸಂಸ್ಥೆ ದಶಕಗಳಿಂದ ನಡೆಸಿಕೊಂಡು ಬಂದಿದ್ದ ಸಾಗರ ಸಂಶೋಧನಾ ಕೇಂದ್ರ 1998ರಲ್ಲಿ ಜಾಗ ಖಾಲಿ ಮಾಡಬೇಕಾಯಿತು.

ಕೋವಿಡ್ ಬಂದಾಗಲೂ ಅಷ್ಟೇ, ಪ್ರವಾಸಿಗಳಿಗೆ ಬಾಗಿಲು ಮುಚ್ಚಲು ಗುನಾ ನಾಯಕರು ಹಿಂದೆಮುಂದೆ ನೋಡಲಿಲ್ಲ.

ಬ್ಯಾಕ್‌ಪ್ಯಾಕರ್ ಹುಡುಕಿಕೊಂಡು ಹೋಗುವ 'ಯಾರೂ ಮುಟ್ಟದ ಸ್ವರ್ಗ' ಹಾಗೆಯೇ ಉಳಿದಿರುವುದು ಈ ಕಟ್ಟುಪಾಡುಗಳಿಂದ. ಅದು ಪ್ರಕೃತಿಯ ಕೊಡುಗೆ ಎಂದಷ್ಟೇ ತಿಳಿಯುವುದು ಅರ್ಧ ಸತ್ಯ.

ಹಾಗೆಂದು ಗುನಾ ಜನರನ್ನು ಪರಿಸರದ ಸಂತರಂತೆ ಚಿತ್ರಿಸುವುದೂ ತಪ್ಪು. ದ್ವೀಪಗಳಲ್ಲಿ ಜನ ಹೆಚ್ಚಿದಂತೆ ಹವಳ ಕಿತ್ತು ತಂದು ನೀರಿಗೆ ತುಂಬಿ ನೆಲ ವಿಸ್ತರಿಸಿಕೊಂಡರು. ಮೂರು ದಶಕಗಳಲ್ಲಿ ಜೀವಂತ ಹವಳದ ಹೊದಿಕೆ ಮುಕ್ಕಾಲು ಭಾಗದಷ್ಟು ಕುಸಿದಿದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತ್ತು. ಲಾಬ್‌ಸ್ಟರ್‌ಗೆ ಬೇಡಿಕೆ ಬಂದ ಮೇಲೆ ಅದರ ಗಾತ್ರ, ಸಂಖ್ಯೆ ಎರಡೂ ಇಳಿದವು. ಪ್ರವಾಸಿಗಳ ಪ್ಲಾಸ್ಟಿಕ್ ಬಾಟಲಿಗಳನ್ನು ಎಲ್ಲಿ ಹಾಕುವುದೆಂಬುದಕ್ಕೆ ಸರಿಯಾದ ವ್ಯವಸ್ಥೆ ಇಲ್ಲ. ಪನಾಮಾ ಸಿಟಿಯಿಂದ ಕಾರ್ತಿ ಎಂಬಲ್ಲಿಗೆ ಗುಡ್ಡ ಹತ್ತಿಳಿಯುವ ರಸ್ತೆ ಸುಧಾರಿಸಿದ ಮೇಲೆ ಎರಡೂವರೆ, ಮೂರು ಗಂಟೆಯಲ್ಲಿ ಜೀಪುಗಳು ಬರುತ್ತವೆ. ಬೆಳಗ್ಗೆ ಬಂದು ಸಂಜೆ ಹೋಗುವವರ ಸಂಖ್ಯೆ ಹಾಯಿದೋಣಿಯವರಿಗಿಂತ ಎಷ್ಟೋ ಪಾಲು ಹೆಚ್ಚು. ಹಣ ಬರುತ್ತಿದೆ, ಅದು ಯಾವ ದ್ವೀಪಕ್ಕೆ ಎಷ್ಟು ಎಂಬ ಜಗಳವೂ ಇದೆ.

ಅದೇ ಕಡಲು, ಬೇರೆ ಪ್ರಯಾಣಿಕರು

ಬ್ಯಾಕ್‌ಪ್ಯಾಕರ್‌ಗಳು ತಪ್ಪಿಸಿಕೊಂಡು ಹೋಗುವ ಡೇರಿಯನ್ ಕಾಡನ್ನು ಕಾಲ್ನಡಿಗೆಯಲ್ಲೇ ದಾಟಿದವರೂ ಇದ್ದಾರೆ. 2023ರ ಒಂದೇ ವರ್ಷದಲ್ಲಿ 5.2 ಲಕ್ಷ ಜನ ಈ ಕಾಡು ದಾಟಿದರು. ಹೆಚ್ಚಿನವರು ವೆನೆಜುವೆಲಾದವರು. ಹೈಟಿ, ಈಕ್ವೆಡಾರ್, ಚೀನಾದವರೂ ಇದ್ದರು, ಭಾರತೀಯರೂ ಇದ್ದರು. ಪಂಜಾಬ್, ಹರಿಯಾಣದ 'ಡಂಕಿ' ದಾರಿಯ ಒಂದು ಘಟ್ಟ ಇದೇ ಕಾಡು. ಹಾವು, ಪ್ರವಾಹ, ದರೋಡೆ, ಅತ್ಯಾಚಾರ ಎಲ್ಲವನ್ನೂ ದಾಟಿ ಉತ್ತರಕ್ಕೆ ನಡೆಯುತ್ತಿದ್ದರು.

2025ರ ಜನವರಿ 20ರಂದು ಟ್ರಂಪ್ ಮತ್ತೆ ಅಧಿಕಾರಕ್ಕೆ ಬಂದರು. ಅಮೆರಿಕದ ಗಡಿ ಮುಚ್ಚಿತು, ಆಶ್ರಯ ಕೋರುವವರು ಸಮಯ ಕಾಯ್ದಿರಿಸುತ್ತಿದ್ದ ಆ್ಯಪ್ ವ್ಯವಸ್ಥೆ ಅದೇ ದಿನ ರದ್ದಾಯಿತು. ಮೆಕ್ಸಿಕೊದಲ್ಲಿ ತಿಂಗಳುಗಟ್ಟಲೆ ಕಾದಿದ್ದವರು ವಾಪಸ್ ಹೊರಟರು. ಮತ್ತೆ ಕಾಡು ದಾಟುವ ಧೈರ್ಯ ಯಾರಿಗಿದೆ? ಅವರೂ ಸಮುದ್ರಕ್ಕೆ ಇಳಿದರು. ಪನಾಮಾದ ಕೆರಿಬಿಯನ್ ತೀರದಿಂದ ಗುನಾ ಯಾಲಾದ ಉದ್ದಕ್ಕೂ ಕೊಲಂಬಿಯಾ ಗಡಿಯ ಕಡೆಗೆ, ಮೋಟಾರ್ ದೋಣಿಗಳಲ್ಲಿ. ಫೆಬ್ರವರಿಯಲ್ಲಿ ಇಂಥ ಒಂದು ದೋಣಿ ಮುಳುಗಿ ವೆನೆಜುವೆಲಾದ 8 ವರ್ಷದ ಮಗು ಸತ್ತುಹೋಯಿತು. ದೋಣಿಗೆ ಕೊಡಲು ದುಡ್ಡಿಲ್ಲದವರು ತೀರದ ಹಳ್ಳಿಗಳಲ್ಲೇ ದಿನ ದೂಡಿದರು.

ಅದೇ ಫೆಬ್ರವರಿಯಲ್ಲಿ ಅಮೆರಿಕ ತನ್ನಲ್ಲಿದ್ದ 299 ವಲಸಿಗರನ್ನು ಮೂರು ವಿಮಾನಗಳಲ್ಲಿ ಪನಾಮಾಕ್ಕೆ ತಂದು ಬಿಟ್ಟಿತು. ಭಾರತ, ಚೀನಾ, ಇರಾನ್, ನೇಪಾಳ ಹೀಗೆ ಹಲವು ದೇಶದವರು. ಪನಾಮಾ ಸಿಟಿಯ ಹೋಟೆಲ್ ಒಂದರ ಕಿಟಕಿಗೆ 'ನೆರವಾಗಿ' ಎಂದು ಬರೆದ ಕಾಗದ ಹಿಡಿದು ನಿಂತಿದ್ದವರ ಚಿತ್ರ ಅಂದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅವರಲ್ಲಿ 12 ಭಾರತೀಯರು ಫೆಬ್ರವರಿ 23ರಂದು ದಿಲ್ಲಿಗೆ ಬಂದಿಳಿದರು.

ಒಂದೇ ನೀರು, ಒಂದೇ ತೀರ. ಒಬ್ಬರ ಪಾಸ್‌ಪೋರ್ಟ್‌ಗೆ ಕ್ಯಾಪ್ಟನ್ನೇ ಮುದ್ರೆ ಹಾಕಿಸಿಕೊಂಡು ಬರುತ್ತಾನೆ, ಇನ್ನೊಬ್ಬರಿಗೆ ದೋಣಿ ಸಿಗುವುದೇ ಅದೃಷ್ಟ. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ ಭಾರತೀಯರಿಗೆ ಪನಾಮಾ, ಕೊಲಂಬಿಯಾ ಎರಡೂ ಸುಲಭ. ಅಮೆರಿಕದಲ್ಲಿ ಓದುವ, ಕೆಲಸ ಮಾಡುವ ನಮ್ಮವರು ರಜೆಯಲ್ಲಿ ಈ ದೋಣಿ ಹತ್ತುವುದು ಹೀಗೆ ಸಾಧ್ಯ. ಹರಿಯಾಣದ ಹುಡುಗ ಡೇರಿಯನ್ ಕೆಸರಿನಲ್ಲಿ ನಡೆದದ್ದು ಅದೇ ವೀಸಾ ಇಲ್ಲದ ಕಾರಣಕ್ಕೆ.

ಸಮುದ್ರಕ್ಕೆ ಜಾಗ ಬಿಟ್ಟ ಊರು

ಗಾರ್ದಿ ಸುಗ್ದುಬ್ ಎಂಬ ದ್ವೀಪದ ಉದ್ದ ಸುಮಾರು 400 ಮೀಟರ್, ಅಗಲ 150 ಮೀಟರ್.  ಅದರ ಮೇಲೆ ಸಾವಿರಕ್ಕೂ ಹೆಚ್ಚು ಜನ ಇದ್ದರು. ಗೋಡೆಗೆ ಗೋಡೆ ತಾಗಿದ ಮನೆಗಳು, ಸಮುದ್ರ ಮಟ್ಟಕ್ಕಿಂತ ಒಂದು ಮೀಟರ್ ಕೂಡ ಎತ್ತರವಿಲ್ಲದ ನೆಲ. ನವೆಂಬರ್, ಡಿಸೆಂಬರ್‌ನಲ್ಲಿ ಗಾಳಿ ಎದ್ದಾಗ ಬೀದಿಗಳಲ್ಲಿ ನೀರು. ಪನಾಮಾದ ಕೆರಿಬಿಯನ್ ತೀರದಲ್ಲಿ 1960ರ ದಶಕದಲ್ಲಿ ವರ್ಷಕ್ಕೆ ಸುಮಾರು 1 ಮಿ.ಮೀ. ಏರುತ್ತಿದ್ದ ಸಮುದ್ರ ಈಗ ಸುಮಾರು 3.5 ಮಿ.ಮೀ. ಏರುತ್ತಿದೆ.

ಇಲ್ಲಿ ಗಮನಿಸಬೇಕಾದದ್ದು, ಹೊರಡುವ ಮಾತು ತೆಗೆದದ್ದು ಸರ್ಕಾರವಲ್ಲ, ಊರಿನವರೇ. ಕಾರಣವೂ ಮೊದಲಿಗೆ ಸಮುದ್ರವಲ್ಲ, ಜನದಟ್ಟಣೆ. 2010ರಲ್ಲಿ ಸಮಿತಿ ರಚಿಸಿ, ಎದುರಿನ ಗುಡ್ಡದ ಬದಿಯಲ್ಲಿ ತಮ್ಮದೇ ಸಮುದಾಯದ ಜಾಗ ಗುರುತಿಸಿಕೊಂಡರು. ಸರ್ಕಾರ ಕೊಟ್ಟ ಮಾತು ಉಳಿಸಿಕೊಳ್ಳಲು 14 ವರ್ಷ ಬೇಕಾಯಿತು. ಇಸ್ಬೆರ್ಯಾಲಾ ಎಂಬ ಹೊಸ ಊರಿನಲ್ಲಿ 300 ಮನೆ, ಖರ್ಚು ಸುಮಾರು 1.2 ಕೋಟಿ ಡಾಲರ್. ಮನೆ ಸಿಕ್ಕಿತು. ಆದರೆ ಎಲ್ಲವೂ ಸಾಲಾಗಿ ನಿಂತ ಒಂದೇ ಅಚ್ಚಿನ ಕಾಂಕ್ರೀಟ್ ಮನೆಗಳು, ಹುಲ್ಲಿನ ಛಾವಣಿಯ ತಂಪಿಲ್ಲ. ಸಮುದ್ರಕ್ಕೆ ಹೋಗಲು ನಡೆಯಬೇಕು ಅಥವಾ ವಾಹನ ಬೇಕು. ನೀರಿನ ಪೂರೈಕೆಯ ತೊಂದರೆ ಮೊದಲ ವರ್ಷವೇ ಶುರುವಾಯಿತು. ಕೆಲವು ಕುಟುಂಬಗಳು ದ್ವೀಪ ಬಿಡಲೇ ಇಲ್ಲ. ಹೋದವರಲ್ಲೂ ಹಲವರು ಹಗಲು ಅಲ್ಲಿ, ರಾತ್ರಿ ಇಲ್ಲಿ.

ಹವಾಮಾನ ಬದಲಾವಣೆಗೆ ಗುನಾ ಜನರ ಕಾಣಿಕೆ ಎಷ್ಟು? ಇಲ್ಲವೆನ್ನುವಷ್ಟು. ಆ ದ್ವೀಪಗಳಿಗೆ ಬರಲು ಯುರೋಪ್, ಆಸ್ಟ್ರೇಲಿಯಾದಿಂದ ವಿಮಾನ ಹತ್ತುವ ಪ್ರವಾಸಿಯ ಕಾಣಿಕೆ ಅದಕ್ಕಿಂತ ಖಂಡಿತ ಹೆಚ್ಚು. ಹಾಯಿದೋಣಿ ಡೀಸೆಲ್ ಉಳಿಸುತ್ತದೆ ಎಂಬ ಸಮಾಧಾನ ಇಲ್ಲಿ ಹೆಚ್ಚು ದೂರ ಬರುವುದಿಲ್ಲ.

ಮಂಗಳೂರಿಗೆ ಅಕ್ಕಿಗಾಗಿ ಬರುತ್ತಿದ್ದ ದ್ವೀಪಗಳು

ಹವಳದ ದಿಬ್ಬ, ತೆಂಗು, ಒಡೆತನದ ಪ್ರಶ್ನೆ, ಏರುತ್ತಿರುವ ನೀರು. ಇವು ಲಕ್ಷದ್ವೀಪದ ಮಾತೂ ಹೌದು. ಕನ್ನಡಿಗರಿಗೆ ಆ ದ್ವೀಪಗಳು ಅಂದುಕೊಂಡಷ್ಟು ದೂರದವಲ್ಲ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ತೆಂಗಿನ ನಾರಿನ ಹಗ್ಗ ಹಾಯಿದೋಣಿಗಳಲ್ಲಿ ಮಂಗಳೂರಿಗೆ ಬಂದು, ಅಕ್ಕಿಯಾಗಿ ವಾಪಸ್ ಹೋಗುತ್ತಿತ್ತು.

2024ರ ಜನವರಿಯಲ್ಲಿ ಪ್ರಧಾನಿ ಮೋದಿ ಅವರ ಸ್ನಾರ್ಕೆಲ್ ಫೋಟೊಗಳು, ಮಾಲ್ದೀವ್ಸ್ ಜತೆಗಿನ ಜಟಾಪಟಿ ಬಂದ ಮೇಲೆ ಲಕ್ಷದ್ವೀಪ ಎಲ್ಲರ ಬಾಯಲ್ಲೂ ಬಂತು. ಫೆಬ್ರವರಿಯ ಮಧ್ಯಂತರ ಬಜೆಟ್ ಅದರ ಬಂದರು, ಪ್ರವಾಸೋದ್ಯಮ ಸೌಕರ್ಯದ ಮಾತಾಡಿತು. ಅಲ್ಲೂ ರಕ್ಷಣೆಗಳಿವೆ: ಹೊರಗಿನವರಿಗೆ ಪ್ರವೇಶ ಪರವಾನಗಿ ಬೇಕು, ಸ್ಥಳೀಯರು ಪರಿಶಿಷ್ಟ ಪಂಗಡದವರು, ದ್ವೀಪಗಳು ತಡೆಯುವ ಭಾರದ ಬಗ್ಗೆ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಸಮಿತಿಯ ಶಿಫಾರಸು ಇದೆ. ವ್ಯತ್ಯಾಸ ಇರುವುದು ಅಧಿಕಾರದ ಜಾಗದಲ್ಲಿ. ಲಕ್ಷದ್ವೀಪಕ್ಕೆ ವಿಧಾನಸಭೆ ಇಲ್ಲ, ಕೇಂದ್ರ ನೇಮಿಸಿದ ಆಡಳಿತಾಧಿಕಾರಿ ಇದ್ದಾರೆ. 2021ರಲ್ಲಿ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ ಬಂದಾಗ ದ್ವೀಪದ ಜನ ಮನೆಯಲ್ಲೇ ಉಪವಾಸ ಕೂತು ಪ್ರತಿಭಟಿಸಬೇಕಾಯಿತು. ಗುನಾ ಮಹಾಸಭೆಗೆ 'ಬೇಡ' ಎಂದು ಹೇಳುವ ಕಾನೂನುಬದ್ಧ ಹಕ್ಕಿದೆ. ಲಕ್ಷದ್ವೀಪದವರಿಗೆ ಇರುವುದು ಮನವಿ, ಪ್ರತಿಭಟನೆ ಮತ್ತು ನ್ಯಾಯಾಲಯ.

2025ರ ಜುಲೈನಲ್ಲಿ ಬಿತ್ರಾ ದ್ವೀಪದ ಇಡೀ ನೆಲವನ್ನು ರಕ್ಷಣಾ ಉದ್ದೇಶಕ್ಕೆ ಪಡೆಯುವ ಪ್ರಸ್ತಾವದ ಬಗ್ಗೆ ಸಾಮಾಜಿಕ ಪರಿಣಾಮ ಅಧ್ಯಯನಕ್ಕೆ ಅಧಿಸೂಚನೆ ಹೊರಬಿತ್ತು. ಲಕ್ಷದ್ವೀಪದ ಸಂಸದ ಹಮ್ದುಲ್ಲಾ ಸಯೀದ್ ಇದನ್ನು ವಿರೋಧಿಸಿದರು. ಬಿತ್ರಾ ಅಲ್ಲಿನ ಜನವಸತಿ ದ್ವೀಪಗಳಲ್ಲೇ ಅತಿ ಚಿಕ್ಕದು. 2011ರ ಜನಗಣತಿಯ ಪ್ರಕಾರ ಅಲ್ಲಿದ್ದವರು 271 ಜನ.